ಅರವತ್ತೆಂಟು ಡಿಗ್ರಿಯಲ್ಲಿ ನಿಂತ ತೊಡೆ

ಮಧ್ವೇಶ ಕುಲಕರ್ಣಿ ಮೊದಲ ಸಲ ಮಾಂಸ ತಿಂದದ್ದು ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ಕಂಪನಿಯ ಪಾರ್ಟಿಯಲ್ಲಿ. ಇಪ್ಪತ್ತೆಂಟಕ್ಕೆ ಬರುವ ಹೊತ್ತಿಗೆ ಮಾಂಸದ ಬಗ್ಗೆ ಉಪನ್ಯಾಸ ಕೊಡುವ ಮಟ್ಟ ಮುಟ್ಟಿದ್ದ. ತಲೆಮಾರುಗಳಿಂದ ತಿನ್ನುತ್ತ ಬಂದವರು ಸುಮ್ಮನೆ ತಿನ್ನುತ್ತಾರೆ. ಹೊಸದಾಗಿ ಸೇರಿಕೊಂಡವನಿಗೆ ಶಾಸ್ತ್ರ ಬೇಕಾಗುತ್ತದೆ. ಅಜ್ಜ ಧಾರವಾಡದಲ್ಲಿ ಮಡಿ ಉಟ್ಟು ಕೂತು ಯಾವ ಶ್ರದ್ಧೆಯಿಂದ ಓದುತ್ತಿದ್ದರೋ ಅದೇ ಶ್ರದ್ಧೆಯಿಂದ ಮೊಮ್ಮಗ ಪುಣೆಯಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ದಪ್ಪ ಹೊಟ್ಟೆಯ ಅಮೆರಿಕದವರು ಹಿತ್ತಲಲ್ಲಿ ಮಾಂಸಕ್ಕೆ ಹೊಗೆ ಹಾಕುವ ವಿಡಿಯೋ ನೋಡುತ್ತಿದ್ದ. ಟಿಪ್ಪಣಿ ಮಾಡಿಕೊಳ್ಳುತ್ತಿದ್ದ. ಪಾಠಭೇದಗಳನ್ನೂ ಗುರುತು ಹಾಕುತ್ತಿದ್ದ.

ಸಲಕರಣೆಗಳೆಲ್ಲ ಅವನ ಕಾರಿನ ಡಿಕ್ಕಿಯಲ್ಲಿದ್ದವು. ಕೋಥ್ರೂಡಿನ ಫ್ಲ್ಯಾಟಿನಲ್ಲಿ ಅವನು ಮತ್ತು ತಾಯಿ ಗೋದಾಬಾಯಿ ಇಬ್ಬರೇ. ಈರುಳ್ಳಿ ಹೆಚ್ಚುವ ಚಾಕುವನ್ನೇ ಬೇರೆ ಇಡುವ ಅಡುಗೆಮನೆ ಅದು. ಹಾಗಾಗಿ ಎರಡು ಸೂಜಿಯ ಥರ್ಮಾಮೀಟರು, ತೋಳುದ್ದದ ಇಕ್ಕಳ, ದನದ ಡಾಕ್ಟರು ಹಾಕಿಕೊಳ್ಳುವಂಥ ಮೊಳಕೈವರೆಗಿನ ಕಪ್ಪು ಗ್ಲೌಸು, ಕೆಂಡ ಹೊತ್ತಿಸುವ ತಗಡಿನ ಕೊಳವೆ, ಮಾಂಸ ಸುತ್ತುವ ಕಂದು ಕಾಗದದ ಸುರುಳಿ, ಎಲ್ಲವೂ ಸ್ಟೆಪ್ನಿ ಟೈರಿನ ಮೇಲೆ ಮಲಗಿರುತ್ತಿದ್ದವು. ಒಮ್ಮೆ ಗೋದಾಬಾಯಿ ಅಕ್ಕಿ ಚೀಲ ಇಡಲು ಡಿಕ್ಕಿ ತೆಗೆದು ಇಕ್ಕಳ ನೋಡಿ ಇದೇನೋ ಅಂದಾಗ, ಕಾರಿನ ರಿಪೇರಿಯದು ಅಂದಿದ್ದ. ಆಕೆ ನಂಬಿದ್ದರು. ಮಗ ಇಂಜಿನಿಯರು.

ಇಷ್ಟೆಲ್ಲ ಇದ್ದರೂ ಅವನು ಸ್ವಂತ ಕೈಯಿಂದ ಒಂದು ಇಡೀ ಕುರಿತೊಡೆಯನ್ನು ಇನ್ನೂ ಬೇಯಿಸಿರಲಿಲ್ಲ. ಗೆಳೆಯನ ಟೆರೇಸಿನಲ್ಲಿ ಕೋಳಿ ಕಾಲು ಎರಡು ಸಲ ಸುಟ್ಟಿದ್ದ. ಒಮ್ಮೆ ಕರಕಲಾಗಿತ್ತು, ಒಮ್ಮೆ ಹಸಿಯಾಗಿತ್ತು.

ಸ್ಪಂದನಾ ಅವನ ಆಫೀಸಿನವಳೇ, ಎರಡು ವರ್ಷದಿಂದ ಅವನ ಜೊತೆ ತಿರುಗುತ್ತಿದ್ದವಳು. ಅವಳ ಮನೆಯವರು ಮದ್ದೂರು ಕಡೆಯವರು. ಅಪ್ಪ ಮರಿಸ್ವಾಮಿ ಹದಿನೆಂಟು ವರ್ಷದಿಂದ ರಾಂಜಣಗಾಂವದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರು. ಮನೆ ವಾಘೋಲಿಯಲ್ಲಿ. ಜುಲೈ ಕೊನೆಯ ಒಂದು ಸಂಜೆ, ಶಿವಾಜಿನಗರದ ಬಸ್‌ಸ್ಟ್ಯಾಂಡಿನ ಎದುರು ಚಹಾ ಕುಡಿಯುತ್ತ ಅವಳು ವಿಷಯ ತೆಗೆದಳು.

"ಶ್ರಾವಣ ಶುರುವಾದ ಮೊದಲನೇ ವಾರದಲ್ಲೇ ಮೈಸೂರಿನೋರು ನನ್ನ ನೋಡೋಕೆ ಬರ್ತಾರಂತೆ. ಹುಡುಗ ಬ್ಯಾಂಕಲ್ಲಿ ಇದಾನೆ. ಆಷಾಢ ಅಂತ ಇಷ್ಟು ದಿನ ತಡೆದಿದ್ರು, ಅಷ್ಟೆ."

"ನೀ ಬ್ಯಾಡ ಅಂದಿಲ್ಲೇನು?"

"ಅಂದೆ. ನಿನ್ನ ವಿಷ್ಯನೂ ಹೇಳ್ದೆ. ಅಪ್ಪ ಕಿರುಚಾಡ್ಲಿಲ್ಲ. ಒಂದೇ ಕೇಳಿದ್ರು. 'ಅಯ್ನೋರ ಮನೆ ಹುಡುಗ. ನಿನ್ನ ವಿಷ್ಯ ಅವ್ರ ಮನೇಲಿ ಗೊತ್ತಾ? ಕದ್ದುಮುಚ್ಚಿ ಆದ್ರೆ ನನಗೆ ಬೇಡ. ನಾಳೆ ನನ್ನ ಮಗಳನ್ನ ಅಡುಗೆಮನೆ ಹೊಸ್ತಿಲಾಚೆ ನಿಲ್ಲಿಸ್ತಾರೆ' ಅಂತ. ನೀನು ಮೊದಲು ನಿಮ್ಮಮ್ಮಂಗೆ ಹೇಳು. ಆಮೇಲೆ ಬಂದು ನಮ್ಮಪ್ಪನ ಹತ್ರ ಮಾತಾಡು. ಆಷಾಢ ಮುಗಿಯೋದ್ರೊಳಗೆ."

ಎರಡೇ ಕೆಲಸ. ತಾಯಿಗೆ ಹೇಳುವುದು, ಅವಳಪ್ಪನೊಡನೆ ಮಾತಾಡುವುದು. ಮಧ್ವೇಶ ಇವೆರಡನ್ನೂ ಬಿಟ್ಟು ಮೂರನೆಯದನ್ನು ಆರಿಸಿಕೊಂಡ.

"ನಾ ನಿಮ್ಮ ಅಪ್ಪಗ ಒಂದು ತೊಡಿ ಸ್ಮೋಕ್ ಮಾಡಿ ತಿನ್ನಸ್ತೀನಿ."

"ಏನು?"

"ಅವರಿಗೆ ಏನ್ ಅನುಮಾನ? ನಾ ಪುಳಿಚಾರು ಅಂತ. ಹೌದಿಲ್ಲೊ? ಅವರು ಜೀವಮಾನದಾಗ ತಿಂದಿರಬಾರದು, ಅಂಥಾ ಮಟನ್ ತಿನ್ನಸ್ತೀನಿ. ಹನ್ನೆರಡು ತಾಸು ಉಪ್ಪಿನ್ಯಾಗ ಇಟ್ಟು, ಏಳು ತಾಸು ಹೊಗಿ ಹಾಕಿ..."

"ಅಪ್ಪ ಮಟನ್ ಕೇಳಿಲ್ಲ ಕಣೋ."

"ಬಾಯಿಂದ ಕೇಳಿಲ್ಲ."

ದಿನವನ್ನೂ ಅವನೇ ಗೊತ್ತು ಮಾಡಿದ. ಆಷಾಢದ ಕೊನೆಯ ದಿನ, ಭಾನುವಾರ. ಪುಣೆಯಲ್ಲಿ ಆ ದಿನಕ್ಕೆ ಗಟಾರಿ ಎಂದು ಹೆಸರು. ಮಾರನೆಯ ದಿನದಿಂದ ಶ್ರಾವಣ, ಒಂದು ತಿಂಗಳು ಮಾಂಸವಿಲ್ಲ ಎಂದು ಇಡೀ ಊರು ಅವತ್ತು ಹೊಟ್ಟೆ ಬಿರಿಯೆ ತಿಂದು ಕುಡಿಯುತ್ತದೆ. ಮಟನ್ ಅಂಗಡಿಯ ಮುಂದೆ ಬೆಳಗಿನ ಐದಕ್ಕೇ ಸಾಲು ನಿಲ್ಲುತ್ತದೆ. ಮಾಂಸದ ಊಟಕ್ಕೆ ವರ್ಷದಲ್ಲಿ ಇದಕ್ಕಿಂತ ಪ್ರಶಸ್ತವಾದ ದಿನ ಇಲ್ಲ ಎಂದು ಅವನು ಲೆಕ್ಕ ಹಾಕಿದ. ಗೋದಾಬಾಯಿ ಹಿಂದಿನ ವಾರದಿಂದಲೇ, ಭಾನುವಾರ ದಿವಸಿ ಗೌರಿ ಅದ, ಮನ್ಯಾಗ ಇರು ಎಂದು ಹೇಳುತ್ತಿದ್ದರು. ಅಮಾವಾಸ್ಯೆಯ ಆ ಸಂಜೆ ಹಿಟ್ಟಿನ ದೀಪ ಮಾಡಿ ಮನೆಯ ಗಂಡಸರ ಆಯುಷ್ಯಕ್ಕೆ ಬೆಳಗುವುದು ಅವರಲ್ಲಿ ರೂಢಿ. ಆಫೀಸ್ ಅದ ಎಂದು ಮಧ್ವೇಶ ಕೈ ತೊಳೆದುಕೊಂಡಿದ್ದ. ಆದರೆ ಅದೇ ಅಮಾವಾಸ್ಯೆ ಸ್ಪಂದನಾಳ ಮನೆಯಲ್ಲೂ ಇರಬಹುದು ಎಂದು ಅವನಿಗೆ ಹೊಳೆಯಲೇ ಇಲ್ಲ. ವ್ರತ, ಉಪವಾಸ, ಮಡಿ, ಇವೆಲ್ಲ ತಮ್ಮ ಮನೆಯ ಪೀಡೆ ಎಂದು ಅವನು ತಿಳಿದಿದ್ದ. ಮಾಂಸ ತಿನ್ನುವವರಿಗೆ ಪಂಚಾಂಗ ಇರುತ್ತದೆ ಎಂಬುದು ಐದು ವರ್ಷದ ಅಧ್ಯಯನದಲ್ಲಿ ಎಲ್ಲೂ ಬಂದಿರಲಿಲ್ಲ.

ಹೊಗೆಪೆಟ್ಟಿಗೆ ಮಾಡಿಸಿದ್ದು ಭೋಸರಿಯಲ್ಲಿ. ಅಲ್ಲಿನ ಕಾರ್ಖಾನೆಗಳ ನಡುವಿನ ಒಂದು ಓಣಿಯಲ್ಲಿ ಹುಕ್ಕೇರಿ ಕಡೆಯ ಮಾರ್ತಾಂಡನ ವೆಲ್ಡಿಂಗ್ ಶೆಡ್ಡು. ಶೆಡ್ಡಿನ ಹಿಂದೆ ಎರಡು ಕೋಣೆಯ ಮನೆ, ನಡುವೆ ತಗಡು ಹೊದಿಸಿದ ಅಂಗಳ. ಮಾರ್ತಾಂಡ ಇಪ್ಪತ್ತೈದು ವರ್ಷದಿಂದ ಗೇಟು, ಗ್ರಿಲ್ಲು, ನೀರಿನ ಟಾಕಿ ಮಾಡುತ್ತಿದ್ದವನು. ಮಾಂಸಕ್ಕೆ ಹೊಗೆ ಹಾಕುವ ಪೆಟ್ಟಿಗೆ ಮೊದಲ ಸಲ.

"ಒಂದು ಮಾತು ನೆನಪಿಡ್ರಿ ಮಾರ್ತಾಂಡ," ಎಂದ ಮಧ್ವೇಶ, ಮೊಬೈಲಿನಲ್ಲಿ ಚಿತ್ರ ತೋರಿಸುತ್ತ. "ಜಸ್ತದ, ಅಂದ್ರ ಝಿಂಕಿನ, ಲೇಪ ಇದ್ದ ತಗಡು ಬಳಸಬಾರದು. ಕಾದರ ವಿಷದ ಹೊಗಿ ಬರ್ತದ."

ಮಾರ್ತಾಂಡ ಬೀಡಿ ಬಾಯಿಂದ ತೆಗೆದ. "ಹೌದೇನ್ರಿ? ಇಪ್ಪತ್ತೈದು ವರ್ಸ ಅದನ್ನ ಕುಡದು ರಾತ್ರಿಯೆಲ್ಲಾ ಚಳಿಜ್ವರ ಬಂದು ಮಲಗೀನಿ ನೋಡ್ರಿ. ಗೊತ್ತಽ ಇರಲಿಲ್ಲ."

"ಅಲ್ಲ, ನಾ ಹೇಳಿದ್ದು ಏನಂದ್ರ..."

"ಕರೀ ತಗಡಿನಾಗ ಮಾಡ್ತೀನಿ ಬಿಡ್ರಿ. ಒಳಗ ಬಣ್ಣಾನೂ ಹೊಡಿಯಂಗಿಲ್ಲ. ಒಂದು ಕೇಳ್ತೀನಿ ಸಾಹೇಬ್ರ, ಸಿಟ್ಟಾಗಬ್ಯಾಡ್ರಿ. ಕುಕ್ಕರಿನಾಗ ನಾಕು ಸೀಟಿ ಹೊಡಿಸಿದ್ರ ಮಟನ್ ಬೇಯ್ತೈತಿ. ಇದಕ್ಯಾಕ ಏಳು ತಾಸು?"

ಮಧ್ವೇಶ ವಿವರಿಸಿದ. ಗಟ್ಟಿ ನರ ಕರಗಿ ಜಿಗುಟಾಗುವ ಉಷ್ಣತೆ, ನೀಲಿ ಹೊಗೆಗೂ ಬಿಳಿ ಹೊಗೆಗೂ ಇರುವ ಭೇದ, ಗಾಳಿ ಒಳಗೆ ಬರುವ ಕಿಂಡಿ, ಹೊರಗೆ ಹೋಗುವ ಕಿಂಡಿ. ಮಾರ್ತಾಂಡ ಪೂರ್ತಿ ಕೇಳಿದ. ಕೊನೆಗೆ, "ಅಂದ್ರ ಇಟ್ಟಂಗಿ ಭಟ್ಟಿ," ಎಂದ.

ಅಂಗಳವನ್ನು ಅವನೇ ಬಿಟ್ಟುಕೊಟ್ಟ. ಗಟಾರಿಯ ದಿನ ಅವನಿಗೂ ಕೆಲಸ ಇರಲಿಲ್ಲ, ಮೇಲಾಗಿ ತಾನು ಮಾಡಿದ ಪೆಟ್ಟಿಗೆ ನಡೆಯುತ್ತದೋ ಇಲ್ಲವೋ ನೋಡುವ ಕುತೂಹಲ.

ಭಾನುವಾರ ಬೆಳಿಗ್ಗೆ ಆರಕ್ಕೆ ಜಿಟಿಜಿಟಿ ಮಳೆ. ಮಧ್ವೇಶ ತಗಡಿನ ಕೊಳವೆಯಲ್ಲಿ ಇದ್ದಿಲು ತುಂಬಿ, ಕೆಳಗೆ ಕಾಗದ ಇಟ್ಟು ಹೊತ್ತಿಸಿದ. ಸೀಮೆಎಣ್ಣೆ ಸುರಿಯಬಾರದು, ಮಾಂಸಕ್ಕೆ ವಾಸನೆ ಹಿಡಿಯುತ್ತದೆ ಎಂದು ಮಾರ್ತಾಂಡನಿಗೆ ತಿಳಿಸಿದ. ಇದು ಸರಿಯಾಗಿಯೇ ಇತ್ತು. ಕೆಂಡ ಹತ್ತು ನಿಮಿಷದಲ್ಲಿ ಕೆಂಪಗಾಯಿತು, ಮಾರ್ತಾಂಡ ಕೂಡ ತಲೆದೂಗಿದ. ಆಮೇಲೆ ಮಧ್ವೇಶ ಬಕೆಟ್ಟಿನಿಂದ ನೀರು ಸೋರುವ ಮಾವಿನ ಕಟ್ಟಿಗೆ ತುಂಡುಗಳನ್ನು ತೆಗೆದ. ಇಡೀ ರಾತ್ರಿ ನೆನೆಸಿಟ್ಟಿದ್ದ.

"ಕಟಗಿ ಯಾಕ ನೆನಸೀರಿ?"

"ನಿಧಾನಕ್ಕ ಉರೀಬೇಕು ಅಂತ."

"ಹಸೀ ಕಟಗಿ ಹೊಗಿ ಕಣ್ಣಾಗ ನೀರು ತರಸ್ತೈತ್ರಿ. ತುತ್ತು ಕಹಿ ಆಗ್ತೈತಿ. ನಮ್ಮವ್ವನ ಕೇಳ್ರಿ, ಮಳಿಗಾಲದಾಗ ಒಲಿ ಮುಂದ ಕುಂತು ನಮ್ಮಪ್ಪನ್ನ ಬೈತಿದ್ಲು. ಶೆಡ್ಡಿನಾಗ ಒಣ ಕಟಗಿ ಅದಾವು, ತರ್ಲೇನು?"

"ಬ್ಯಾಡ್ರಿ. ಪ್ರೊಸೆಸ್ ಅಂದ್ರ ಪ್ರೊಸೆಸ್."

ದಟ್ಟ ಬಿಳಿ ಹೊಗೆ ಎದ್ದಿತು. ಹಿಂದಿನ ಸಂಜೆಯೇ ತಂದು ಮಾರ್ತಾಂಡನ ಮನೆಯಲ್ಲಿ ಉಪ್ಪಿಗೆ ಹಾಕಿಟ್ಟಿದ್ದ ಎರಡೂವರೆ ಕಿಲೋ ತೊಡೆಯೊಳಗೆ ಒಂದು ಸೂಜಿ, ಪೆಟ್ಟಿಗೆಯೊಳಗೆ ಒಂದು ಸೂಜಿ ಚುಚ್ಚಿ ಮುಚ್ಚಳ ಹಾಕಿದ. ಮೊಬೈಲಿನ ತೆರೆಯ ಮೇಲೆ ಎರಡು ಅಂಕಿ ಮೂಡಿದವು. ಅವನು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಅಂಕಿಗಳ ಮುಂದೆ ಕೂತ. ಒಂದು ಗಂಟೆಗೆ ಇಲ್ಲೇ ಊಟ, ಎಂದು ಸ್ಪಂದನಾಳ ಮನೆಗೆ ಹೇಳಿಕಳಿಸಿದ್ದ.

ಒಂಬತ್ತಕ್ಕೆ ಸ್ಪಂದನಾಳ ಫೋನು.

"ಇವತ್ತು ಭೀಮನ ಅಮಾವಾಸ್ಯೆ ಕಣೋ!"

"ಏನು ಹಂಗಂದ್ರ?"

"ಗಂಡನ ಪೂಜೆ ಮಾಡೋ ದಿನ. ಅಮ್ಮ ಅಪ್ಪನ ಕಾಲು ತೊಳೆದು ಪೂಜೆ ಮಾಡ್ತಾಳೆ. ಮದ್ವೆ ಆಗದೇ ಇರೋರು ಒಳ್ಳೆ ಗಂಡ ಸಿಗ್ಲಿ ಅಂತ ಮಾಡ್ತಾರೆ. ಬೆಳಿಗ್ಗೆ ಎಬ್ಬಿಸಿ ನನ್ನ ಕೈಗೂ ಅರಿಶಿನದ ದಾರ ಕಟ್ಟಿದ್ಲು, ಆವಾಗ್ಲೇ ನಂಗೂ ಜ್ಞಾಪಕ ಬಂದಿದ್ದು. ಇವತ್ತು ಅಮ್ಮ ಮಾಂಸ ಮುಟ್ಟೋದಿರ್ಲಿ, ನೋಡೋದೂ ಇಲ್ಲ. ಬೇಡ, ಎಲ್ಲ ಕ್ಯಾನ್ಸಲ್ ಮಾಡು. ಸಂಜೆ ಬರೀ ಕೈಯಲ್ಲಿ ಮನೆಗೆ ಬಾ. ಕೂತ್ಕೊಂಡು ಮಾತಾಡು, ಸಾಕು."

ಮಧ್ವೇಶ ಅಂಕಿ ನೋಡಿದ. "ಈಗ ಐವತ್ತೊಂದು ಡಿಗ್ರಿ ಆಗ್ಯದ ಸ್ಪಂದನಾ. ನಡುವ ನಿಲ್ಲಿಸಲಿಕ್ಕೆ ಬರೂದಿಲ್ಲ. ನಲವತ್ತರಿಂದ ಅರವತ್ತರ ನಡುವ ಬಿಟ್ಟರ ಕೆಡತದ."

"ನಾನು ಮಟನ್ ವಿಷ್ಯ ಮಾತಾಡ್ತಿಲ್ಲ."

"ಅಪ್ಪಾವರು ಏನಂತಾರ?"

ಸ್ಪಂದನಾ ಉಸಿರು ಬಿಟ್ಟಳು. "ಅಪ್ಪ ಬರ್ತಾರಂತೆ. 'ವ್ರತ ನಿಮ್ದು, ಕಾಲು ತೊಳೆಸ್ಕೊಂಡೋನು ನಾನು, ನಂಗ್ಯಾಕೆ ಉಪವಾಸ' ಅಂತಾರೆ. ಪ್ರತಿ ವರ್ಷ ಇದೇ. ಬೆಳಿಗ್ಗೆ ಪಾದಪೂಜೆ, ಮಧ್ಯಾಹ್ನ ಫ್ಯಾಕ್ಟರಿಯೋರ ಜೊತೆ ಗಟಾರಿ."

"ಆತಲ್ಲ ಮತ್ತ!" ಎಂದ ಮಧ್ವೇಶ.

ಸ್ಪಂದನಾಳ ಮನೆಯವರು ಒಂದಕ್ಕೆ ಸರಿಯಾಗಿ ರಿಕ್ಷಾದಲ್ಲಿ ಬಂದಿಳಿದರು. ಮರಿಸ್ವಾಮಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ. ಪಾದದ ಮೇಲೆ ಇನ್ನೂ ಅರಿಶಿನ ಕುಂಕುಮ. ಮಗಳ ಮಾತುಕತೆ ಎಂದು ಜೊತೆಗೆ ಬಂದ ಹೆಂಡತಿ ಕಮಲಮ್ಮ ಕೈಯಲ್ಲಿ ಬಾಳೆಹಣ್ಣಿನ ಚೀಲ ಹಿಡಿದು, ಹೊಗೆಗೆ ಸೆರಗನ್ನು ಮೂಗಿಗೆ ಒತ್ತಿಕೊಂಡು, ಪೆಟ್ಟಿಗೆಗೆ ಬೆನ್ನು ಹಾಕಿ ಕೂತಳು. ಸ್ಪಂದನಾ ಹಳದಿ ದಾರ ಕಟ್ಟಿದ ಕೈಯನ್ನು ಜಾಕೆಟ್ಟಿನ ಜೇಬಿನಲ್ಲಿಟ್ಟುಕೊಂಡಿದ್ದಳು.

ಮರಿಸ್ವಾಮಿ ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದ. ಬೆಸುಗೆಯ ಮೇಲೆ ಬೆರಳಾಡಿಸಿದ. "ಒಳ್ಳೆ ಕೆಲ್ಸ. ಯಾರು ಮಾಡಿದ್ದು?"

"ನಾನ್ರಿ," ಎಂದ ಮಾರ್ತಾಂಡ.

"ಚೆಂದಾಗೈತೆ. ಎಲ್ಲೂ ಗಾಳಿ ಸೋರಲ್ಲ." ಆಮೇಲೆ ಮಧ್ವೇಶನ ಕಡೆ ತಿರುಗಿದ. "ಏನಪ್ಪಾ, ಬೆಂದೈತಾ?"

"ಅರವತ್ತೆಂಟು ಡಿಗ್ರಿ ಆಗ್ಯದ ಸರ್. ತೊಂಬತ್ತೆರಡಕ್ಕ ತೆಗೀತೀನಿ."

"ಅದೆಷ್ಟೊತ್ತಾಯ್ತದೆ?"

"ಒಂದು ಅರ್ಧ ತಾಸು."

ಒಂದೂವರೆಗೂ ಅರವತ್ತೆಂಟು. ಎರಡಕ್ಕೂ ಅರವತ್ತೆಂಟು. ಮಧ್ವೇಶ ಮೊಬೈಲನ್ನು ತಟ್ಟಿದ, ಆಫ್ ಮಾಡಿ ಆನ್ ಮಾಡಿದ. ಅಂಕಿ ಅಲುಗಲಿಲ್ಲ.

"ಕೆಟ್ಟೋಯ್ತಾ ಮಿಷನ್ನು?" ಎಂದ ಮರಿಸ್ವಾಮಿ.

"ಇಲ್ಲ ಸರ್, ಇದು ಸಹಜ. ಮಾಂಸ ಬೆವರ್ತದ. ಬೆವರು ಆರಿ ತಂಪು ಮಾಡ್ತದ. ಕೆಳಗಿನ ಶಾಖ, ಮ್ಯಾಲಿನ ತಂಪು ಸರಿಸಮ ಆಗಿ ನಿಂತಬಿಡ್ತದ. ಮೂರ್ನಾಲ್ಕು ತಾಸು ಹಿಂಗಽ ಇರಬಹುದು. ಎಲ್ಲಾರಿಗೂ ಆಗ್ತದ."

"ಎಲ್ಲಾರ್ಗೂ ಗೊತ್ತಿದ್ಮೇಲೆ ಒಂದು ಗಂಟೆಗೆ ಯಾಕಪ್ಪಾ ಕರೆದೆ?"

ಮಧ್ವೇಶ ಬೆರಳೆಣಿಸಿ ಲೆಕ್ಕ ನೋಡಿದ. ಏಳು ತಾಸಿನ ಲೆಕ್ಕದಲ್ಲಿ ಈ ನಿಲುಗಡೆಯನ್ನು ಕೂಡಿಸಲು ಮರೆತಿದ್ದ. ಕಾಗದದಲ್ಲಿ ಸುತ್ತಿಟ್ಟರೆ ಬೇಗ ಏರುತ್ತದೆ ಎಂದು ನೆನಪಾಗಿ, ಗ್ಲೌಸು ಏರಿಸಿ ಮುಚ್ಚಳ ತೆಗೆದ. ಮಳೆಗಾಳಿ ಒಳಗೆ ನುಗ್ಗಿ ಪೆಟ್ಟಿಗೆಯ ಶಾಖ ನಲವತ್ತು ಡಿಗ್ರಿಯಷ್ಟು ಇಳಿಯಿತು.

"ಪದೇ ಪದೇ ಮುಚ್ಚಳ ತೆಗೀಬಾರದು," ಎಂದು ತನಗೆ ತಾನೇ ಹೇಳಿಕೊಂಡ.

ತೊಡೆಯನ್ನು ನೋಡಿದ ಮರಿಸ್ವಾಮಿ ಲೊಚಗುಟ್ಟಿದ. "ತೊಡೆ ಯಾಕಪ್ಪಾ ತಂದೆ? ಕೊಬ್ಬಿಲ್ಲ ಅದ್ರಲ್ಲಿ. ಇಷ್ಟೊತ್ತು ಇಡೋದಾದ್ರೆ ಮುಂಗಾಲು ತರ್ಬೇಕಾಗಿತ್ತು."

"ವಿಡಿಯೋದಾಗ..." ಎಂದು ಶುರು ಮಾಡಿ ಮಧ್ವೇಶ ತೊಡೆಯನ್ನು ಕಾಗದದಲ್ಲಿ ಸುತ್ತಿ ಮುಚ್ಚಳ ಹಾಕಿದ.

ಸುತ್ತಮುತ್ತಲ ಮನೆಗಳಿಂದ ಕುಕ್ಕರಿನ ಸೀಟಿ ಕೇಳುತ್ತಿತ್ತು. ಒಣಕೊಬ್ಬರಿ, ಕರಿಮಸಾಲೆ ಹುರಿದ ವಾಸನೆ ಓಣಿಯನ್ನು ತುಂಬಿತ್ತು. ಎರಡೂವರೆಯ ಹೊತ್ತಿಗೆ ಓಣಿಯವರೆಲ್ಲ ಉಂಡು ಕೈ ತೊಳೆದಿದ್ದರು, ಕೆಲವರು ಆಗಲೇ ಹಾಡುತ್ತಿದ್ದರು. ಮಾರ್ತಾಂಡನ ಹೆಂಡತಿ ಕಲ್ಲವ್ವ ಬಾಗಿಲಿಗೆ ಬಂದು ನಿಂತಳು.

"ಎಷ್ಟ ಹೊತ್ತ ಉಪಾಸ ಕೆಡವತೀರಿ ಹಿರ್ಯಾರನ್ನ? ರೊಟ್ಟಿ, ಮಟನ್ ರಸ ಆಗೇತಿ. ಒಳಗ ಬರ್ರಿ ಅಣ್ಣಾರ."

"ಬ್ಯಾಡ್ರಿ ಕಲ್ಲವ್ವ, ಅವರು ಸ್ಮೋಕ್ಡ್..." ಎನ್ನುವಷ್ಟರಲ್ಲಿ ಮರಿಸ್ವಾಮಿ ಚಪ್ಪಲಿ ಬಿಟ್ಟಾಗಿತ್ತು.

ಮೂರು ರೊಟ್ಟಿ ತಿಂದು ಬಂದ. ಮೀಸೆ ಒರೆಸಿಕೊಂಡು ಕುರ್ಚಿಯಲ್ಲಿ ಕೂತ. ಮುಖ ಹಗುರಾಗಿತ್ತು. ಕಮಲಮ್ಮ ಬಾಳೆಹಣ್ಣು ಸುಲಿಯುತ್ತ, "ಪೂಜೆ ಮಾಡಿದ ಕುಂಕುಮ ಇನ್ನೂ ಕಾಲ ಮೇಲೇ ಐತೆ, ವಸಿ ನೋಡ್ಕಳಿ," ಎಂದಳು.

"ಕಾಲಲ್ಲಿ ಎಲ್ಲಿ ತಿಂದೆ? ಬಾಯಲ್ಲಿ ತಿಂದೆ," ಎಂದ ಮರಿಸ್ವಾಮಿ. ಎಲ್ಲರೂ ನಕ್ಕರು. ಕಮಲಮ್ಮ ನಗಲಿಲ್ಲ.

ಹೊಟ್ಟೆ ತುಂಬಿದ ಮೇಲೆ ಮರಿಸ್ವಾಮಿ ಕೆಲಸದ ಮಾತಿಗೆ ಬಂದ.

"ನೋಡಪ್ಪಾ ಮಧ್ವೇಶ. ಬೆಳಿಗ್ಗೆ ಆರರಿಂದ ಮಳೇಲಿ ನಿಂತಿದ್ದೀಯ. ನಿಯತ್ತು ಐತೆ ನಿಂಗೆ, ಒಪ್ಕೋತೀನಿ. ನೀನು ತಿಂತೀಯೋ ಬಿಡ್ತೀಯೋ ಅದು ನಂಗೆ ಮುಖ್ಯ ಅಲ್ಲ. ನಿಮ್ಮ ತಾಯಿಗೆ ನಮ್ಮ ಹುಡುಗಿ ವಿಷ್ಯ ಗೊತ್ತಾ?"

ಸ್ಪಂದನಾ ಅವನ ಮುಖ ನೋಡಿದಳು.

"ಗೊತ್ತದ ಸರ್," ಎಂದ ಮಧ್ವೇಶ. "ಹೇಳೀನಿ. ಆಯಿ ಭಾಳ ಮಾಡರ್ನ್ ಇದ್ದಾಳ."

"ಯಾವಾಗ ಹೇಳ್ದೆ?" ಎಂದಳು ಸ್ಪಂದನಾ.

"ಮೊನ್ನೆ."

"ನಂಗೆ ಹೇಳ್ಲೇ ಇಲ್ಲ."

"ಸರ್‌ಪ್ರೈಸ್ ಇರ್ಲಿ ಅಂತ."

ಮರಿಸ್ವಾಮಿ ಕುರ್ಚಿಗೆ ಒರಗಿದ. ಹೆಂಡತಿಯ ಕಡೆ ತಿರುಗಿ, "ಕೇಳಿಸ್ಕೊಂಡ್ಯಾ? ಇನ್ನೇನು ಮತ್ತೆ," ಎಂದ. ಕಮಲಮ್ಮ ಈಗ ಮೊದಲ ಸಲ ಹುಡುಗನನ್ನು ಸರಿಯಾಗಿ ನೋಡಿದಳು. ಒಂದು ಬಾಳೆಹಣ್ಣು ತೆಗೆದು ಅವನ ಕಡೆ ಚಾಚಿ, "ತಗೋ ಮಗಾ, ಬೆಳಿಗ್ಗಿಂದ ಏನೂ ತಿಂದಂಗಿಲ್ಲ," ಎಂದಳು. ಮಧ್ವೇಶ ತಿಂದ. ಸ್ಪಂದನಾ ಕೈಯನ್ನು ಜೇಬಿನಿಂದ ಹೊರಗೆ ತೆಗೆದಳು. ಅವನ ಪಕ್ಕದ ಕುರ್ಚಿಗೆ ಬಂದು ಕೂತು, ಇನ್ನೆಷ್ಟು ಡಿಗ್ರಿ ಬೇಕು ಎಂದು ಕೇಳಿದಳು. ಕೆಲಸ ಹೆಚ್ಚುಕಡಿಮೆ ಆಗಿಹೋಗಿತ್ತು. ಆ ತೊಡೆ ಅಲ್ಲೇ ಸುಟ್ಟು ಬೂದಿಯಾಗಿದ್ದರೂ ನಡೆಯುತ್ತಿತ್ತು.

ಆದರೆ ಅದು ಬೆಂದಿತು. ನಾಲ್ಕು ಗಂಟೆಯ ಮೇಲೆ ಅಂಕಿ ಏರತೊಡಗಿ ನಾಲ್ಕು ಮುಕ್ಕಾಲಿಗೆ ತೊಂಬತ್ತೆರಡು ಮುಟ್ಟಿತು. ಮಧ್ವೇಶ ಗ್ಲೌಸು ಏರಿಸಿ, ತೊಡೆಯನ್ನು ಮಗುವಿನ ಹಾಗೆ ಎತ್ತಿ ಹಲಗೆಯ ಮೇಲೆ ಮಲಗಿಸಿದ. ಅರ್ಧ ತಾಸು ಮುಟ್ಟಬಾರದು, ರಸ ಒಳಗೆ ಹೀರಿಕೊಳ್ಳಬೇಕು ಎಂದ. ಮರಿಸ್ವಾಮಿ ಗಡಿಯಾರ ನೋಡಿದ. ಹತ್ತು ನಿಮಿಷಕ್ಕೆ ಒಪ್ಪಂದವಾಯಿತು. ಎಳೆಗೆ ಅಡ್ಡವಾಗಿ ಕೊಯ್ಯಬೇಕು ಎಂದು ಹೇಳುತ್ತ ಅವನು ಎಳೆಗುಂಟ ಕೊಯ್ದ.

ಮರಿಸ್ವಾಮಿ ಒಂದು ತುಂಡು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಅಗಿದ. ಮಾರ್ತಾಂಡ ಅವನ ದವಡೆಯನ್ನೇ ನೋಡುತ್ತಿದ್ದ.

"ಹೊರಗೆ ವಸಿ ಕಹಿ," ಎಂದ ಮರಿಸ್ವಾಮಿ. "ಒಳಗೆ... ಪರ್ವಾಗಿಲ್ಲ ಕಣಪ್ಪಾ. ಮೂಳೆ ಹತ್ರ ಚೆನ್ನಾಗೈತೆ. ಇನ್ನೊಂದು ಕೊಡು."

ಆಗ ಮೇಜಿನ ಮೇಲಿದ್ದ ಮೊಬೈಲು ಗುರುಗುಟ್ಟಿತು. ತೆರೆಯ ಮೇಲೆ 'ಆಯಿ' ಎಂದು ಬಂತು.

ಮಧ್ವೇಶನ ಎರಡೂ ಕೈ ಮೊಳಕೈವರೆಗೆ ಕೊಬ್ಬು, ಮಸಿ. ಬೆರಳು ತೆರೆಯ ಮೇಲೆ ಹಿಡಿಯುವಂತಿರಲಿಲ್ಲ. "ಇರ್ಲಿ, ಬಿಡು," ಎಂದ. ಸ್ಪಂದನಾಳಿಗೆ ಅದು ಬೇರೆ ರೀತಿ ಕೇಳಿಸಿರಬೇಕು. ತಾಯಿಗೆ ಗೊತ್ತು, ತಾಯಿ ಮಾಡರ್ನ್. ಹುರುಪಿನಲ್ಲಿದ್ದವಳು ಗುಂಡಿ ಒತ್ತಿ ಫೋನನ್ನು ಅವನ ಮುಖದ ಹತ್ತಿರ ಹಿಡಿದಳು. "ಸ್ಪೀಕರ್ ಹಾಕಿದ್ದೀನಿ, ಮಾತಾಡು."

"ಮಧ್ವಾ, ಎಲ್ಲಿದ್ದೀಯೋ?" ಗೋದಾಬಾಯಿಯ ದನಿ ತಗಡಿನ ಅಂಗಳದಲ್ಲಿ ಸ್ಪಷ್ಟವಾಗಿ ಕೇಳಿಸಿತು.

"ಆಫೀಸ್‌ನ್ಯಾಗ ಇದ್ದೀನಿ ಆಯಿ. ಹೇಳಿದ್ನಲ್ಲ, ಭಾಳ ಕೆಲಸ ಅದ."

ಮರಿಸ್ವಾಮಿಯ ದವಡೆ ನಿಂತಿತು.

"ಹಿಟ್ಟಿನ ದೀಪ ಮಾಡೇನಿ. ನಿನ್ನ ಹೆಸರಿಂದ ಹಚ್ಚಬೇಕು, ಏಳರೊಳಗ ಬಾ. ಊಟ ಮಾಡಿದ್ಯೇನು? ಹೊರಗಿಂದು ಹಾಳುಮೂಳು ತಿಂದಿಲ್ಲ ಹೌದಲ್ಲೊ, ಹಬ್ಬದ ದಿವಸ?"

"ಇಲ್ಲ ಆಯಿ. ಬಾಳೆಹಣ್ಣು ತಿಂದೀನಿ."

ಇದೊಂದು ಮಾತ್ರ ನಿಜ.

"ಅದ್ಯಾರದೋ ಹೆಣ್ಣುಮಕ್ಕಳ ಧ್ವನಿ ಬಂತಲ್ಲ ಈಗ? ಸ್ಪೀಕರ ಪೀಕರ ಅಂತ? ಯಾರಿದ್ದಾರ ನಿನ್ನ ಜೋಡಿ?"

ಸ್ಪಂದನಾ ಫೋನನ್ನು ಹಿಡಿದೇ ಇದ್ದಳು. ಅವನಿಗೂ ಅವಳಿಗೂ ನಡುವೆ ಒಂದು ಗೇಣು. ಮಧ್ವೇಶ ಅವಳ ಕಣ್ಣನ್ನೇ ನೋಡುತ್ತ ಹೇಳಿದ.

"ಯಾರೂ ಇಲ್ಲ ಆಯಿ."

"ಮತ್ತ ಧ್ವನಿ?"

"ಟೀವಿ."

"ಆತು. ಬೇಗ ಬಾ," ಎಂದು ಗೋದಾಬಾಯಿ ಫೋನು ಇಟ್ಟರು.

ಮಾರ್ತಾಂಡ ಎದ್ದು ಶೆಡ್ಡಿನ ಕಡೆ ನಡೆದ. ಅಲ್ಲಿ ಅವನಿಗೇನೂ ಕೆಲಸ ಇರಲಿಲ್ಲ. ಸ್ಪಂದನಾ ಫೋನನ್ನು ಮೇಜಿನ ಮೇಲೆ, ಎಣ್ಣೆ ಇಲ್ಲದ ಜಾಗ ಹುಡುಕಿ, ಇಟ್ಟಳು.

"ಏಳ್ರೀ, ಹೋಗಣ," ಎಂದಳು ಕಮಲಮ್ಮ.

ಮರಿಸ್ವಾಮಿ ಬಾಯಲ್ಲಿದ್ದುದನ್ನು ನುಂಗಿದ. ತಟ್ಟೆಯಲ್ಲಿ ಇನ್ನೊಂದು ತುಂಡು ಇತ್ತು. ಅದನ್ನೂ ತಿಂದ. ನೀರು ಕುಡಿದ. "ಊಟ ಹಾಕ್ದೋನಿಗೆ ಬೈಬಾರ್ದು, ಬೈಯಲ್ಲ," ಎಂದ. "ನನ್ನ ಮಗಳ ಎದುರ್ಗೇ ಅವಳನ್ನ ಟೀವಿ ಮಾಡ್ಬುಟ್ಟೆಯಲ್ಲಪ್ಪಾ."

"ಸರ್, ಹಂಗಲ್ಲ, ಆಯಿಗೆ ಬಿಪಿ ಅದ..."

"ಯಾರ್ಗಿಲ್ಲ ಬಿಪಿ. ನಂಗೂ ಐತೆ."

ಅವರು ಗೇಟಿನ ಕಡೆ ನಡೆದರು. ಮಧ್ವೇಶ ಗ್ಲೌಸಿನಲ್ಲೇ ಹಿಂದೆ ಓಡಿದ. ಮಳೆ ಹನಿಯುತ್ತಿತ್ತು. ಮರಿಸ್ವಾಮಿ ರಿಕ್ಷಾ ಕರೆಯಲು ಮುಂದೆ ಹೋದ, ಕಮಲಮ್ಮ ಮಗಳ ಹಿಂದೆಯೇ ನಿಂತಳು.

"ಸ್ಪಂದನಾ, ನಾ ಹೇಳ್ತೀನಿ. ಖರೇನ ಹೇಳ್ತೀನಿ."

"ಸರಿ, ಹೇಳು. ಈಗ್ಲೇ ಮಾಡು. ನಾನು ಇಲ್ಲೇ ಇರ್ತೀನಿ. ಸ್ಪೀಕರ್ ಬೇಡ, ನೀನು ಮಾತಾಡೋದಷ್ಟೇ ಕೇಳಿಸಿದ್ರೆ ಸಾಕು."

ಅವನು ಒಂದು ಗ್ಲೌಸು ಕಿತ್ತ. ಒಳಗೆ ಬೆವರಿ ಕೈ ಬಿಳುಚಿಕೊಂಡಿತ್ತು. ಒಳಗೆ ಓಡಿ ಫೋನು ತಂದ. ತಾಯಿಯ ಹೆಸರಿನವರೆಗೆ ಬೆರಳು ಹೋಯಿತು. ರಿಕ್ಷಾ ಬಂದು ನಿಂತಿತು. ಅವನು ತಲೆ ಎತ್ತಿದ.

"ಇವತ್ತ ಹಬ್ಬ ಅದಲ್ಲ. ಪಾಪ, ದೀಪ ಹಚ್ಚಲಿಕ್ಕೆ ಕೂತಿರ್ತಾಳ. ಇವತ್ತ ಹೆಂಗ ಹೇಳ್ಲಿ? ಶ್ರಾವಣದಾಗ ಒಂದು ಛಲೋ ದಿವಸ ನೋಡಿ..."

ಸ್ಪಂದನಾ ಅವನ ಮಾತು ಮುಗಿಯುವವರೆಗೆ ಕಾಯಲಿಲ್ಲ. ರಿಕ್ಷಾ ಹತ್ತಿ ಅಮ್ಮನಿಗೆ ಜಾಗ ಬಿಟ್ಟು ಸರಿದು ಕೂತಳು.

"ಅಮ್ಮಾ, ಆ ಮೈಸೂರಿನೋರು ಯಾವತ್ತು ಬರೋದು ಅಂದೆ?"

"ಗುರುವಾರ ಕಣವ್ವ. ಯಾಕೆ?"

"ಶುಕ್ರವಾರ ನಂಗೆ ರಜ ಇದೆ. ಶುಕ್ರವಾರ ಬರೋಕೆ ಹೇಳು."

ರಿಕ್ಷಾ ಓಣಿಯ ನೀರು ಎರಚುತ್ತ ಹೋಯಿತು. ಮಧ್ವೇಶ ಅಂಗಳಕ್ಕೆ ವಾಪಸು ಬಂದ. ಹಲಗೆಯ ಮೇಲೆ ತೊಡೆಯ ಮುಕ್ಕಾಲು ಪಾಲು ಹಾಗೆಯೇ ಇತ್ತು. ಕಲ್ಲವ್ವ ಅದನ್ನು ನೋಡಿ, "ನಮಗ ಬ್ಯಾಡ್ರಿ ಯಪ್ಪಾ, ನಾಳಿಂದ ಶ್ರಾವಣ, ಮನ್ಯಾಗ ಇಡಂಗಿಲ್ಲ," ಎಂದು ಬಾಗಿಲು ಮುಂದೆ ಮಾಡಿದಳು. ಮಾರ್ತಾಂಡ ಒಂದು ತುಂಡು ಬಾಯಿಗೆ ಹಾಕಿಕೊಂಡು, ಹೊರಗಿನ ಕಹಿ ಪದರವನ್ನು ಪಕ್ಕಕ್ಕೆ ಉಗಿದು, ಒಳಗಿನದನ್ನು ಅಗಿಯುತ್ತ ಕೇಳಿದ.

"ಸಾಹೇಬ್ರ, ಈ ಪೆಟ್ಟಿಗಿ ಮನಿಗೆ ಒಯ್ಯಾವ್ರೇನ್ರಿ?"